ಗಾಳಿಯ ಲೆಕ್ಕ ತಪ್ಪಬಾರದು

ಹವಾಯಿ ದ್ವೀಪದ ಮೌನಾ ಲೋವಾ ಜ್ವಾಲಾಮುಖಿಯ ಇಳಿಜಾರಿನಲ್ಲಿ, ಸುಮಾರು 3,400 ಮೀಟರ್ ಎತ್ತರದಲ್ಲಿ ನಿಂತು ಗಾಳಿಯ ಲೆಕ್ಕ ಇಡುವ ಕೇಂದ್ರವೊಂದಿದೆ. 2025ರಲ್ಲಿ ಅಮೆರಿಕದ ಆಡಳಿತ ಮಂಡಿಸಿದ ಬಜೆಟ್ ಪ್ರಸ್ತಾವ ಅದರ ಅನ್ನಕ್ಕೇ ಕೈ ಹಾಕಿತು. ಇಂಥ ಪ್ರಸ್ತಾವ ಮೇಜಿನ ಮೇಲೆ ಬಂದದ್ದೇ ಅಪಾಯದ ಗಂಟೆ.

1958ರ ಮಾರ್ಚ್‌ನಲ್ಲಿ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಅಲ್ಲಿ ಅಳತೆ ಶುರುಮಾಡಿದಾಗ, ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 313 ಇತ್ತು. 2025ರ ಮೇ ತಿಂಗಳ ಸರಾಸರಿ 430 ದಾಟಿತು. ಅಂಟಾರ್ಕ್ಟಿಕಾದ ಹಿಮದೊಳಗೆ ಸಿಕ್ಕಿಬಿದ್ದ ಗುಳ್ಳೆಗಳ ಪ್ರಕಾರ, ಕೈಗಾರಿಕಾ ಯುಗಕ್ಕೆ ಮುಂಚಿನ ಎಂಟು ಲಕ್ಷ ವರ್ಷಗಳಲ್ಲಿ ಅದು 300ರ ಆಸುಪಾಸು ಮೀರಿದ್ದಿಲ್ಲ.

ಯಂತ್ರದ ಅಳತೆಯ ಜೊತೆಗೆ ಗಾಜಿನ ಸೀಸೆಗಳಲ್ಲೂ ಗಾಳಿ ಹಿಡಿಯುತ್ತಾರೆ. ಒಳಗಿನ ಗಾಳಿಯನ್ನು ಹೀರಿ ತೆಗೆದ ಸೀಸೆ ಹಿಡಿದು, ಉಸಿರು ಬಿಗಿಹಿಡಿದು, ಬೀಸುಗಾಳಿಗೆ ಎದುರಾಗಿ ನಡೆದು ಬಿರಡೆ ತಿರುಗಿಸಬೇಕು. ನಾವು ಬಿಡುವ ಉಸಿರಿನಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ಸುಮಾರು ನೂರು ಪಟ್ಟು ಹೆಚ್ಚಿರುತ್ತದೆ. ಒಂದೇ ಉಸಿರು ಸೋಕಿದರೂ ಲೆಕ್ಕ ಕೆಟ್ಟಿತು. ಏರಿಕೆಯ ಮೂಲವನ್ನೂ ಗಾಳಿಯೇ ಹೇಳುತ್ತದೆ: ಕಲ್ಲಿದ್ದಲು, ಪೆಟ್ರೋಲಿನ ಇಂಗಾಲದಲ್ಲಿ ಅದರ ವಿಕಿರಣಶೀಲ ರೂಪವಾದ ಕಾರ್ಬನ್-14 ಉಳಿದಿರುವುದಿಲ್ಲ. ಗಾಳಿಯಲ್ಲಿ ಅದರ ಪಾಲು ತೆಳುವಾಗುತ್ತಿರುವುದೇ ಹೆಚ್ಚಳ ನಮ್ಮ ಒಲೆಯದ್ದು ಎನ್ನುವುದಕ್ಕೆ ಸಾಕ್ಷಿ.

ಈ ಅಳತೆಗಳನ್ನು ಗೆರೆಯಾಗಿ ಎಳೆದರೆ, ಉತ್ತರಾರ್ಧಗೋಳದ ಗಿಡಮರ ಚಿಗುರಿದಾಗ ಗೆರೆ ಇಳಿಯುತ್ತದೆ, ಎಲೆ ಉದುರಿ ಕೊಳೆತಾಗ ಏರುತ್ತದೆ. ಈ ಏರಿಳಿತದ ಅಡಿಯಲ್ಲಿ ವರ್ಷದಿಂದ ವರ್ಷಕ್ಕೆ ಆಗುವ ಏರಿಕೆ ಕಾಣಬೇಕಾದರೆ ಅಳತೆ ಎಡೆಬಿಡದೆ ನಡೆಯಬೇಕು. 1964ರಲ್ಲಿ ಹಣವಿಲ್ಲದೆ ಕೆಲವು ತಿಂಗಳು ನಿಂತ ಅಳತೆ ಇಂದಿಗೂ ಆ ಗೆರೆಯಲ್ಲಿ ಖಾಲಿ ಜಾಗ. 2022ರ ನವೆಂಬರ್‌ನಲ್ಲಿ ಲಾವಾ ರಸ್ತೆಯನ್ನೂ ವಿದ್ಯುತ್ತನ್ನೂ ಕಡಿದಾಗ, ವಿಜ್ಞಾನಿಗಳು ಪಕ್ಕದ ಮೌನಾ ಕೇಯಾ ಪರ್ವತಕ್ಕೆ ಉಪಕರಣ ಹೊತ್ತು ಲೆಕ್ಕ ಮುಂದುವರಿಸಿದರು.

ನಮ್ಮ ಕಥೆಯೂ ಬೇರೆಯಲ್ಲ. ಕಾರವಾರದ ಉತ್ತರಕ್ಕೆ, ಗೋವಾದ ಕೇಪ್ ರಾಮಾ ತೀರದಲ್ಲಿ 1993ರಿಂದ ಸೀಸೆಗಳಲ್ಲಿ ಗಾಳಿ ಹಿಡಿದರು. ಮುಂಗಾರಿನಲ್ಲಿ ಅಲ್ಲಿಗೆ ಬರುವುದು ಕಡಲಿನ ಶುದ್ಧ ಗಾಳಿ. ಚಳಿಗಾಲದಲ್ಲಿ ಇಡೀ ಉಪಖಂಡದ ಹೊಗೆಯ ಸುದ್ದಿ. ಇಂಥ ಜಾಗದಲ್ಲೂ ಕೆಲಸ ನಡುವೆ ವರ್ಷಗಟ್ಟಲೆ ನಿಂತಿತ್ತು.

ಮಳೆಮಾಪನ ಕೇಂದ್ರವನ್ನು ಬರ ಬಂದ ವರ್ಷ ಯಾರೂ ಮುಚ್ಚುವುದಿಲ್ಲ. ಗಾಳಿಯ ಕೇಂದ್ರಗಳಿಗೂ ದಶಕಗಳ ಹಣ ಮೊದಲೇ ಮೀಸಲಿರಲಿ. ಪಶ್ಚಿಮ ಕರಾವಳಿಯಲ್ಲಿ ನಿಲ್ಲದ ಅಳತೆ ನಡೆಯಲಿ. ತಪ್ಪಿಹೋದ ಜೂನ್‌ನ ಗಾಳಿಯನ್ನು ಮುಂದಿನ ಜೂನ್‌ನಲ್ಲಿ ಸೀಸೆಗೆ ತುಂಬಲಾಗದು.