ಮೋಟಾರು ತಗುಲಿದ ಮೇಲೆ

ಎರಡು ಮೋಟಾರುಗಳು ಒಂದಕ್ಕೊಂದು ತಗುಲಿದೊಡನೆ ನಮ್ಮವರು ಮೊದಲು ಪರೀಕ್ಷಿಸುವುದು ಗಾಡಿಯ ಮೈಯನ್ನು, ಮನುಷ್ಯನ ಮೈಯನ್ನಲ್ಲ. ಬಂಪರು ಎಷ್ಟು ತಗ್ಗಿತು, ತಪ್ಪು ಯಾರದು ಎಂಬ ವಾಗ್ವಾದವು ಮುಗಿದ ಮೇಲೆ ಯಾರೋ ಒಬ್ಬರು “ಯಾರಿಗೂ ಏನೂ ಆಗಲಿಲ್ಲವಷ್ಟೆ?” ಎಂದು ಕೇಳುವರು, “ದೇವರ ದಯೆ, ಏನೂ ಇಲ್ಲ” ಎಂದು ಉಳಿದವರು ಹೇಳುವರು, ಪ್ರಯಾಣವು ಮುಂದುವರಿಯುವುದು. ಈ “ಏನೂ ಇಲ್ಲ” ಎಂಬ ಮಾತಿಗೆ ಎಷ್ಟು ಬೆಲೆ ಕೊಡಬಹುದೆಂಬುದೇ ಈ ತಿಂಗಳ ವಿಚಾರ.

ಭಯವುಂಟಾದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ರಸವು ಹೆಚ್ಚಾಗಿ ಸ್ರವಿಸುವುದು. ಆ ಉದ್ವೇಗದಲ್ಲಿ ನೋವು ಕೆಲಹೊತ್ತು ಮರೆಯಾಗಿರುವುದುಂಟು. ಹಿಂದಿನಿಂದ ಗುದ್ದಿಸಿಕೊಂಡವರ ಕತ್ತು ಹಿಂದಕ್ಕೂ ಮುಂದಕ್ಕೂ ಒಲೆದು ಉಳುಕಿದ್ದರೆ, ಅದು ಅನೇಕವೇಳೆ ತಿಳಿದುಬರುವುದು ಮರುದಿನ ಬೆಳಿಗ್ಗೆ. ಇದು ಬಹುಮಟ್ಟಿಗೆ ನಿರಪಾಯವಾದುದೇ. ಕೆನಡಾ ದೇಶದ ವೈದ್ಯರು 2001ರಲ್ಲಿ ಪ್ರಕಟಿಸಿದ ನಿಯಮವೊಂದರಲ್ಲಿ, ತಡವಾಗಿ ತೋರಿದ ಕತ್ತುನೋವನ್ನೂ ಎದ್ದು ನಡೆದಾಡುತ್ತಿರುವುದನ್ನೂ ಒಳ್ಳೆಯ ಲಕ್ಷಣಗಳೆಂದೇ ಎಣಿಸಿದ್ದಾರೆ. ಆದರೆ 65 ವರ್ಷ ತುಂಬಿದವರಿಗೂ, ಕೈಕಾಲುಗಳಲ್ಲಿ ಜೋಮು ಹಿಡಿದವರಿಗೂ ಈ ರಿಯಾಯಿತಿಯಿಲ್ಲ. ಅವರಿಗೆ ಚಿತ್ರ ತೆಗೆಸಿ ನೋಡಬೇಕೆಂದೇ ವಿಧಿ. ನಮ್ಮ ಕಡೆ ಉಳುಕು ತೆಗೆಯುವವರ ಬಳಿಗೆ ಓಡಿ, ಕತ್ತನ್ನು ಲಟಕ್ಕೆನ್ನಿಸಿಕೊಂಡು ಬರುವ ಅಭ್ಯಾಸವುಂಟು. ವೈದ್ಯರು ನೋಡುವ ಮೊದಲು ಹಾಗೆ ಮಾಡಿಸುವುದು ಶುದ್ಧ ಅವಿವೇಕ.

ತಲೆಯ ವಿಷಯ ಬೇರೆ. ಸುಶ್ರುತನು ಶರೀರದ 107 ಮರ್ಮಗಳನ್ನು ಐದು ವರ್ಗಗಳಾಗಿ ವಿಂಗಡಿಸಿ, ಅವುಗಳಲ್ಲಿ ಒಂದು ವರ್ಗಕ್ಕೆ ‘ಕಾಲಾಂತರಪ್ರಾಣಹರ’ವೆಂದು ಹೆಸರಿಟ್ಟನು: ಪೆಟ್ಟು ಇಂದು, ಮರಣ ಕೆಲವು ವಾರಗಳ ಮೇಲೆ. ಅವನ ಪಟ್ಟಿಯ ಸ್ಥಾನಗಳನ್ನು ಈಗಿನ ಶಾರೀರಶಾಸ್ತ್ರದೊಡನೆ ಸರಿಹೊಂದಿಸಲು ನಾನು ಹೊರಟಿಲ್ಲ. ಪೆಟ್ಟಿಗೂ ಫಲಕ್ಕೂ ನಡುವೆ ಅಂತರವಿರಬಹುದೆಂಬ ತಿಳಿವು ನಮ್ಮ ಹಿರಿಯರಿಗೆ ಇತ್ತೆಂಬುದಷ್ಟೇ ಮುಖ್ಯ. ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚಿಯಲ್ಲಿ ಕೆನಡಾದ ಹಿಮದ ಮೇಲೆ ಜಾರಿ ಬಿದ್ದು, ನಗುನಗುತ್ತ ಎದ್ದು ವೈದ್ಯಸಹಾಯವನ್ನು ಬೇಡವೆಂದರು. ತಲೆಬುರುಡೆಯೊಳಗೆ ರಕ್ತ ಸುರಿದು ಎರಡು ದಿನಗಳಲ್ಲಿ ತೀರಿಕೊಂಡರು.

ವೃದ್ಧರಲ್ಲಿ ಈ ರಕ್ತವು ಇನ್ನೂ ಮೆಲ್ಲಗೆ ಒಸರುವುದು. ನನಗೆ ಪರಿಚಿತರಾದ ವೃದ್ಧರೊಬ್ಬರು, ಹೃದಯದ ಕಾಯಿಲೆಗಾಗಿ ರಕ್ತ ತೆಳುವಾಗುವ ಔಷಧವನ್ನು ಸೇವಿಸುತ್ತಿದ್ದವರು, ಸುಂಕದ ಗೇಟಿನಲ್ಲಿ ನಿಂತ ಕಾರಿನ ಹಿಂದಿನ ಆಸನದಲ್ಲಿದ್ದರು. ಹಿಂದಿನ ಗಾಡಿ ಮೆಲ್ಲನೆ ಗುದ್ದಿತು; ತಲೆ ಕಿಟಕಿಗೆ ತಾಗಿತು; ಊತ ಸಹ ಬರಲಿಲ್ಲ. ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಅವರು ಪಂಚೆಯ ಗಂಟು ಹಾಕಿಕೊಳ್ಳಲಾರದೆ ನಿಂತರು. ಬಾಲ್ಯದಿಂದ ಬಾಯಿಗೆ ಬಂದಿದ್ದ ಸಹಸ್ರನಾಮವು ನಡುವೆ ತಪ್ಪಿತು. ಮಕ್ಕಳು ವಯೋಧರ್ಮವೆಂದರು. ಸೊಸೆಯು ಮಾತ್ರ ಒಪ್ಪಲಿಲ್ಲ; ಗೇಟಿನ ಬಳಿ ಆದ ಗುದ್ದನ್ನು ಜ್ಞಾಪಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದಳು. ಸ್ಕ್ಯಾನಿನಲ್ಲಿ ಮೆದುಳಿನ ಮೇಲೆ ಹಳೆಯ ರಕ್ತ ನಿಂತಿದ್ದುದು ಕಾಣಿಸಿತು. ಬುರುಡೆಯಲ್ಲಿ ರಂಧ್ರ ಕೊರೆದು ಅದನ್ನು ಹೊರತೆಗೆದರು; ಈಗ ತಪ್ಪಿಲ್ಲದೆ ಪಾರಾಯಣ ಮಾಡುತ್ತಾರೆ.

ಆದುದರಿಂದ ವಾರ್ಫರಿನ್ ಮೊದಲಾದ ಔಷಧ ಸೇವಿಸುವವರ ತಲೆಗೆ ಪೆಟ್ಟು ತಗುಲಿದರೆ ಲಕ್ಷಣಗಳಿಗಾಗಿ ಕಾಯದೆ ಅಂದೇ ತೋರಿಸತಕ್ಕದ್ದು. ಉಳಿದವರಲ್ಲಿ ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಕೇಳಿದುದನ್ನೇ ಕೇಳುವುದು, ಮಾತಿನ ತೊದಲು, ಎಬ್ಬಿಸಿದರೂ ಏಳದ ಮಂಪರು, ಕಿವಿಮೂಗುಗಳಿಂದ ನೀರು ಒಸರುವುದು, ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಹೊರಡಬೇಕು. ಎದೆನೋವು, ಉಸಿರಾಟದ ತೊಂದರೆಗಳ ವಿಷಯವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಹೊಟ್ಟೆಯ ಮೇಲೆ ಪಟ್ಟಿಯ ಬರೆ ಮೂಡಿದ್ದರೆ ಮಾತ್ರ ಅನೇಕರು ಮುಲಾಮು ಹಚ್ಚಿ ಸುಮ್ಮನಾಗುವರು. ಒಳಗೆ ಕರುಳೋ ಗುಲ್ಮವೋ ಹರಿದಿರಬಹುದು. ತುಂಬಿದ ಗರ್ಭಿಣಿಯು ತನಗೆ ನೋವಿಲ್ಲವೆಂದರೂ ಪರೀಕ್ಷೆ ಮಾಡಿಸಲೇಬೇಕು, ಏಕೆಂದರೆ ಅಲ್ಪವಾದ ಅಲುಗಾಟದಿಂದಲೂ ಮಾಸು ಬಿಡಿಸಿಕೊಳ್ಳಬಹುದು.

ಆಸ್ಪತ್ರೆಗೆ ಹೋದರೆ ಪೊಲೀಸು, ಕೋರ್ಟು, ಖರ್ಚು ಎಂದು ಹಿಂಜರಿಯುವವರಿದ್ದಾರೆ. ಗಾಯಾಳುವನ್ನು ಕರೆತಂದ ಸಹೃದಯನಿಗೆ 2019ರಲ್ಲಿ ತಿದ್ದಿದ ಮೋಟಾರು ವಾಹನಗಳ ಕಾಯಿದೆಯ 134ಎ ವಿಧಿಯು ರಕ್ಷಣೆ ಕೊಟ್ಟಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಯೋಜನೆಯಂತೆ, ರಸ್ತೆಯ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿಗಳ ಮಿತಿಯೊಳಗೆ ಹಣ ತೆರದೆ ಚಿಕಿತ್ಸೆ ದೊರೆಯತಕ್ಕದ್ದು. ವಾಹನಕ್ಕೆ 108ನ್ನು ಕರೆಯಬಹುದು.

ವೈದ್ಯರು ನೋಡಿ ಮನೆಗೆ ಕಳುಹಿಸಿದ ಮೇಲೂ ಮೊದಲ ರಾತ್ರಿ ಒಬ್ಬರು ಜೊತೆಯಲ್ಲಿ ಮಲಗುವುದು ಒಳ್ಳೆಯದು. ನಿದ್ರೆ ಬಂದರೆ ಅಪಾಯವೆಂದು ಗಾಯಾಳುವನ್ನು ಕೂರಿಸಿ ಜಾಗರಣೆ ಮಾಡಿಸುವ ಪದ್ಧತಿಗೆ ಆಧಾರವಿಲ್ಲ. ತಲೆನೋವಿಗೆ ಆಸ್ಪಿರಿನ್ನನ್ನು ಮಾತ್ರ ಕೊಡಬಾರದು, ಅದರಿಂದ ರಕ್ತಸ್ರಾವ ಹೆಚ್ಚಬಹುದು. ಬೇಕಾದರೆ ಪ್ಯಾರಾಸಿಟಮಾಲ್ ಸಾಕು.