ಬೆಟ್ಟದ ಸೌದೆ, ಬೇಲೆಕೇರಿಯ ಅದಿರು

1963ರ ಕರ್ನಾಟಕ ಅರಣ್ಯ ಕಾಯ್ದೆಯ 71-ಎ ಕಲಮನ್ನು ಮಲೆನಾಡಿನ ರೈತರು ಓದಿರಲಾರರು. ಅದರ ಫಲವನ್ನು ಮಾತ್ರ ಚೆನ್ನಾಗಿ ಬಲ್ಲರು. ನಾಟಾ, ಸೌದೆ, ಇದ್ದಿಲು, ಬೆತ್ತ, ಹಾಲ್ಮಡ್ಡಿ, ದಾಲ್ಚಿನ್ನಿ ತೊಗಟೆ ಮೊದಲಾದ ಸರ್ಕಾರಿ ಸ್ವತ್ತಿನ ಸಂಬಂಧದಲ್ಲಿ ಅಪರಾಧ ನಡೆದಿದೆಯೆಂದು ಮನವರಿಕೆಯಾದರೆ ಸಾಕು, ಅಧಿಕಾರ ಪಡೆದ ಅರಣ್ಯಾಧಿಕಾರಿಯು ಆ ವಸ್ತುವಿನೊಡನೆ ಗಾಡಿ, ಎತ್ತು, ಕತ್ತಿ, ಕೊಡಲಿಗಳನ್ನೂ ಮುಟ್ಟುಗೋಲು ಹಾಕಬಹುದು. ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿರಬೇಕೆಂಬ ನಿಯಮವೂ ಇಲ್ಲ. ಮೇಲ್ಮನವಿಗೆ ಅವಕಾಶವೇನೋ ಇದೆ. ಆದರೆ ಪೇಟೆಗೆ ಅಲೆಯುವ ಬಸ್ಸಿನ ಖರ್ಚಿಗಿಂತ ಹಳೆಯ ಗಾಡಿಯ ಬೆಲೆ ಕಡಿಮೆಯಾದಾಗ ಯಾರು ತಾನೇ ಮೇಲ್ಮನವಿಗೆ ಹೋದಾರು?

ಸರ್ಕಾರಿ ಅಧಿಕಾರಿಯ ಮೇಲೆ ಭ್ರಷ್ಟಾಚಾರದ ಆರೋಪ ಬಂದಾಗ ಕಾನೂನಿನ ನಡಿಗೆಯೇ ಬೇರೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೆಯ ಕಲಮಿನಂತೆ, ಆತನನ್ನು ಹುದ್ದೆಯಿಂದ ತೆಗೆಯುವ ಅಧಿಕಾರವುಳ್ಳವರ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯವು ಪ್ರಕರಣವನ್ನು ವಿಚಾರಣೆಗೆ ಅಂಗೀಕರಿಸುವಂತಿಲ್ಲ. ಕೇಂದ್ರದ ಹಿರಿಯ ಅಧಿಕಾರಿಗಳಿಗೆ ತನಿಖೆಯ ಹಂತದಲ್ಲಿಯೇ ಇದ್ದ ಇಂಥದೊಂದು ರಕ್ಷಣೆಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2014ರಲ್ಲಿ, ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ರದ್ದುಪಡಿಸಿತ್ತು. 2018ರಲ್ಲಿ ಸಂಸತ್ತು 17-ಎ ಕಲಮನ್ನು ಸೇರಿಸಿ ಅದೇ ರಕ್ಷಣೆಯನ್ನು ಎಲ್ಲ ದರ್ಜೆಯವರಿಗೂ ಹಂಚಿತು. ಹಣ ಪಡೆಯುವಾಗ ಸ್ಥಳದಲ್ಲಿಯೇ ಸಿಕ್ಕಿಬಿದ್ದವರಿಗೆ ಮಾತ್ರ ಈ ರಕ್ಷಣೆಯಿಲ್ಲ. ಮೇಲ್ನೋಟಕ್ಕೆ ಸಮಾನವೇ, ಆದರೆ ಮೇಜಿನ ಮೇಲೆ ಐನೂರು ರೂಪಾಯಿ ಪಡೆಯುವವನು ಕೆಳಗಿನ ನೌಕರ. ದೊಡ್ಡವರ ಭ್ರಷ್ಟಾಚಾರವಿರುವುದು ಸಹಿಯಲ್ಲಿ. ಆ ಸಹಿಯ ತನಿಖೆಗೇ ಅನುಮೋದನೆ ಬೇಕು.

ಇದರ ನಡುವೆ ಬೇಲೆಕೇರಿಯನ್ನು ನೆನೆಯಬೇಕು. ಬಳ್ಳಾರಿ ಸೀಮೆಯ ಅದಿರು ಹೊತ್ತ ಲಾರಿಗಳು ಯಲ್ಲಾಪುರದ ಮೂಲಕ ಅರಬೈಲು ಘಟ್ಟವನ್ನಿಳಿದು ಬಂದರಿಗೆ ಸಾಗುತ್ತಿದ್ದುದನ್ನು ಉತ್ತರ ಕನ್ನಡದ ಜನ ಕಣ್ಣಾರೆ ಕಂಡಿದ್ದಾರೆ. ಒಂದು ಹೊರೆ ಸೌದೆಗೆ ಲೆಕ್ಕ ಕೇಳುವ ನಾಕಾಗಳು ಅದೇ ದಾರಿಯಲ್ಲಿದ್ದವು. 2010ರಲ್ಲಿ ಅರಣ್ಯ ಇಲಾಖೆ ಬಂದರಿನಲ್ಲಿ ಲಕ್ಷಾಂತರ ಟನ್ ಅದಿರನ್ನು ಜಪ್ತಿ ಮಾಡಿತು. ಜಪ್ತಿಯಾದ ಅದಿರೇ ಹಡಗು ಹತ್ತಿ ಹೊರದೇಶಕ್ಕೆ ಹೋಯಿತು! ರೈತನ ಗಾಡಿ ಇಲಾಖೆಯ ಅಂಗಳದಲ್ಲಿ ಗೆದ್ದಲು ಹಿಡಿದು ಮಣ್ಣಾಗುವವರೆಗೂ ಕದಲುವುದಿಲ್ಲ. ಗುಡ್ಡದಷ್ಟು ಅದಿರು ಕದಲಿತು.

ಪೂರ್ವಾನುಮತಿ ಇರುವುದು ಪ್ರಾಮಾಣಿಕ ಅಧಿಕಾರಿಯ ರಕ್ಷಣೆಗೆ ಎಂಬ ವಾದವುಂಟು. ಸುಳ್ಳು ದೂರುಗಳ ಕಾಟ ಇಲ್ಲವೆನ್ನಲಾಗದು, ಆದ್ದರಿಂದ ವಾದವನ್ನು ತಳ್ಳಿಹಾಕಬೇಕಿಲ್ಲ. ಆದರೆ ಬೇಲೆಕೇರಿಯ ಜಪ್ತಿಗೆ ಕಾರಣನಾದ ಅರಣ್ಯಾಧಿಕಾರಿಗೆ ದೊರೆತದ್ದು ಅಮಾನತು. ಅದನ್ನು ಪ್ರತಿಭಟಿಸಿ ಲೋಕಾಯುಕ್ತ ಸಂತೋಷ ಹೆಗ್ಡೆಯವರು 2010ರ ಜೂನ್‌ನಲ್ಲಿ ರಾಜೀನಾಮೆಯಿತ್ತು, ಅನಂತರ ಹಿಂಪಡೆದರು. 2011ರ ಜುಲೈ 27ರ ಅವರ ವರದಿಯು ಅಕ್ರಮ ಗಣಿಗಾರಿಕೆಯಿಂದಾದ ನಷ್ಟವನ್ನು 16,085 ಕೋಟಿ ರೂಪಾಯಿಯೆಂದು ಅಂದಾಜಿಸಿತು. ಮುಖ್ಯಮಂತ್ರಿ ಯಡಿಯೂರಪ್ಪನವರು ಅದೇ ತಿಂಗಳ ಕೊನೆಗೆ ಪದವಿ ಬಿಟ್ಟರು. 2016ರಲ್ಲಿ ಮತ್ತೊಂದು ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ಸ್ಥಾಪಿಸಿ, ಲೋಕಾಯುಕ್ತದ ಪೊಲೀಸರಿಗಿದ್ದ ತನಿಖಾ ಅಧಿಕಾರವನ್ನು ಕಿತ್ತುಕೊಂಡಿತು. ಹೈಕೋರ್ಟು ಅದನ್ನು ಮರಳಿಸಲು 2022ರ ಆಗಸ್ಟ್ ಬರಬೇಕಾಯಿತು. ಪಕ್ಷ ಯಾವುದಾದರೇನು!

ಬೇಲೆಕೇರಿ ಪ್ರಕರಣದಲ್ಲಿ ಕಾರವಾರದ ಶಾಸಕ ಸತೀಶ ಸೈಲ್, ಬಂದರಿನ ಅಂದಿನ ಅಧಿಕಾರಿ ಮುಂತಾದವರನ್ನು ವಿಶೇಷ ನ್ಯಾಯಾಲಯವು ತಪ್ಪಿತಸ್ಥರೆಂದು ಘೋಷಿಸಿದ್ದು 2024ರ ಅಕ್ಟೋಬರ್‌ನಲ್ಲಿ, ಜಪ್ತಿಯಾದ ಹದಿನಾಲ್ಕು ವರ್ಷಗಳ ತರುವಾಯ. ಮರು ತಿಂಗಳೇ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೇಲ್ಮನವಿ ಪ್ರತಿಯೊಬ್ಬ ಪ್ರಜೆಯ ಹಕ್ಕು, ಅದಕ್ಕೆ ಆಕ್ಷೇಪವಿಲ್ಲ. ಎತ್ತು ಕಳೆದುಕೊಂಡ ರೈತನಿಗೂ ಆ ಹಕ್ಕು ಕೈಗೆಟುಕುವಂತಿರಬೇಕು, ಅಷ್ಟೇ.

ಮಾಡಬಹುದಾದ ಕೆಲಸವೊಂದಿದೆ. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೆಯ ಕಲಂ, ಅನುಮತಿಯ ಕೋರಿಕೆಗೆ 120 ದಿನಗಳಲ್ಲಿ ಉತ್ತರ ಬಾರದಿದ್ದರೆ ಅನುಮತಿ ದೊರೆತಂತೆಯೇ ಎನ್ನುತ್ತದೆ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಮೂರು ತಿಂಗಳ ಗಡುವಿದೆ. ಮೀರಿದರೆ ಅನುಮತಿ ಕೊಟ್ಟಂತೆ ಎಂಬ ಮಾತಿಲ್ಲ. ಆ ಮಾತನ್ನು ಸೇರಿಸಬೇಕೆಂದು ಗ್ರಾಮಸಭೆಗಳು ನಿರ್ಣಯ ಮಾಡಿ ಸಂಸದರಿಗೆ ಕಳುಹಿಸಲಿ. ಅಷ್ಟರಲ್ಲಿ ಕಾಲೇಜಿನ ವಿದ್ಯಾರ್ಥಿಗಳು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು: ಅರಣ್ಯ, ಕಂದಾಯ, ಗಣಿ ಇಲಾಖೆಗಳಲ್ಲಿ ಅನುಮತಿ ಕೋರಿದ ಎಷ್ಟು ಕಡತಗಳು, ಯಾವ ದಿನಾಂಕದಿಂದ, ಯಾರ ಮೇಜಿನ ಮೇಲಿವೆ?