ನಿವೇಶನದ ಆಸೆಯೂ ದುಡಿಮೆಗಾರನ ಗಂಟೂ

ಇಂದು ನಮ್ಮ ನಾಡಿನ ಯಾವ ಜಿಲ್ಲಾ ಪಟ್ಟಣದಿಂದ ಹೊರಟರೂ, ಪೇಟೆ ಮುಗಿದು ಹೊಲ ಮೊದಲಾಗುವಲ್ಲಿ ಬಣ್ಣ ಬಳಿದ ಕಲ್ಲುಗಳು ಕಾಣಸಿಗುತ್ತವೆ. ಜೋಳವನ್ನೋ ಹತ್ತಿಯನ್ನೋ ಬೆಳೆಯುತ್ತಿದ್ದ ನೆಲವನ್ನು ಮೂವತ್ತು ನಲವತ್ತು ಅಡಿಗಳ ತುಂಡುಗಳಾಗಿ ಗುರುತಿಸಿ, ಇಂದು ಕೊಂಡವನಿಗೆ ಐದು ವರ್ಷಕ್ಕೆ ಎರಡರಷ್ಟು ಎಂದು ಸಾರುತ್ತಾರೆ. ಈ ಮಾತಿಗೆ ಕಿವಿಗೊಡುವವರು ಹಣವಂತರು ಮಾತ್ರವಲ್ಲ. ಭವಿಷ್ಯ ನಿಧಿಯನ್ನೂ ಗ್ರಾಚ್ಯುಟಿಯನ್ನೂ ಪಡೆದು ಗಿರಣಿಯಿಂದ ಹೊರಬಂದ ಕಾರ್ಮಿಕನಿದ್ದಾನೆ, ಚೀಟಿ ಎತ್ತಿದ ಕಿರಾಣಿ ಅಂಗಡಿಯವನಿದ್ದಾನೆ. ಶ್ರೀಮಂತನಿಗೆ ಒಂದು ನಿವೇಶನ ಕೈತಪ್ಪಿದರೆ ಲೆಕ್ಕದ ಪುಸ್ತಕದಲ್ಲಿ ಒಂದು ಗೆರೆ. ದುಡಿಮೆಗಾರನಿಗೆ ಅದು ಮೂವತ್ತು ವರ್ಷಗಳ ಬೆವರು. ಆದಕಾರಣ, ಮೊದಲ ಸಲ ನೆಲಕ್ಕೆ ಹಣ ಹಾಕಹೊರಟವರಿಗೆ ನಾಲ್ಕು ಮಾತು ಹೇಳುವುದು ಅವಶ್ಯವಾಗಿದೆ.

ನಮ್ಮ ಅಭಿಪ್ರಾಯ ಇಷ್ಟು: ದುಡಿಯುವವನ ಮೊದಲ ನೆಲ ಅವನ ತಲೆಯ ಮೇಲಿನ ಸೂರಿಗೆ ಸಲ್ಲಬೇಕು. ಅದಾದ ಮೇಲೆ ಶಕ್ತಿಯಿದ್ದರೆ ಬಾಡಿಗೆ ತರುವ ಒಂದು ಕೋಣೆಗೆ ಸಲ್ಲಲಿ. ಸಾಲದ ಹಣದಿಂದ ಖಾಲಿ ನಿವೇಶನ ಕೊಂಡು ಬೆಲೆ ಏರಲೆಂದು ಕಾಯುವುದು ಹೂಡಿಕೆಯಲ್ಲ, ಜೂಜು.

ಲೆಕ್ಕವನ್ನೇ ಹಾಕಿ ನೋಡೋಣ. ನಿವೇಶನದ ಬೆಲೆ 10 ಲಕ್ಷವೆಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ, ಅದರ ಮೇಲಿನ ಉಪಕರ, 2025ರ ಆಗಸ್ಟ್ ಕೊನೆಯಲ್ಲಿ ನೂರಕ್ಕೆ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿ ಸುಮಾರು 76,000 ರೂಪಾಯಿ. 6 ಲಕ್ಷವನ್ನು ನೂರಕ್ಕೆ ವರ್ಷಕ್ಕೆ 12ರಂತೆ ಸಾಲ ತಂದರೆ ಬಡ್ಡಿಯೇ ವರ್ಷಕ್ಕೆ 72,000. ಐದು ವರ್ಷಕ್ಕೆ 3,60,000. ಸ್ವಂತದ 4,76,000 ರೂಪಾಯಿ ಬ್ಯಾಂಕಿನಲ್ಲಿ ನೂರಕ್ಕೆ 6ರಂತೆ ಇದ್ದಿದ್ದರೆ ಅಷ್ಟೇ ಕಾಲದಲ್ಲಿ 1,42,800 ಬರುತ್ತಿತ್ತು. ಎಂದಮೇಲೆ ಐದು ವರ್ಷದ ಬಳಿಕ 15 ಲಕ್ಷ 79 ಸಾವಿರಕ್ಕೆ ಮಾರಿದರೂ ಕೈಗೆ ಉಳಿಯುವುದು ಸೊನ್ನೆ. ದಲ್ಲಾಳಿಯ ಪಾಲು, ತೆರಿಗೆ ಬೇರೆ. ನಡುವೆ ಗಿರಣಿ ಮುಚ್ಚಿದರೆ, ವ್ಯಾಪಾರ ಬಿದ್ದರೆ, ಕಾಯಿಲೆ ಬಂದರೆ, ಖಾಲಿ ನೆಲ ಒಂದು ಹಿಡಿ ಅಕ್ಕಿಯನ್ನೂ ತರಲಾರದು. ಅವಸರಕ್ಕೆ ಮಾರಹೋದವನಿಗೆ ಕೊಳ್ಳುವವನು ಹೇಳಿದ್ದೇ ಬೆಲೆ.

ಸ್ವಂತ ಮನೆಯುಳ್ಳವನು ಅದರ ಮೇಲೆ ಒಂದು ಕೋಣೆ, ಅಡುಗೆಮನೆ ಏರಿಸಿ ಬಾಡಿಗೆಗೆ ಕೊಟ್ಟರೆ ಬರುವುದು ಚಿಕ್ಕ ಮೊತ್ತವೇ ಸರಿ. ಆದರೆ ತಿಂಗಳು ತಿಂಗಳು ಬರುತ್ತದೆ, ನೆಲಕ್ಕೆ ಹೊಸದಾಗಿ ಹಣ ಸುರಿಯಬೇಕಾಗಿಲ್ಲ. ಭೋಗ್ಯಕ್ಕೆ ಕೊಡುವವರು ಮಾತ್ರ ಒಂದನ್ನು ಮರೆಯಬಾರದು: ಭೋಗ್ಯದ ಹಣ ಲಾಭವಲ್ಲ, ಹಿಂದಿರುಗಿಸಬೇಕಾದ ಸಾಲ. ಅದನ್ನು ಇನ್ನೊಂದು ನಿವೇಶನಕ್ಕೆ ಸುರಿದವರು ಬಾಡಿಗೆದಾರ ಮನೆ ಬಿಡುವ ದಿನ ಬಡ್ಡಿಯವನ ಬಾಗಿಲಿಗೆ ಹೋಗಬೇಕಾಗುತ್ತದೆ.

ಇನ್ನು ಕಾಗದಪತ್ರದ ಮಾತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈಗ ಅದಕ್ಕೂ ಮೊದಲು ಪತ್ರ ಓದಿಸಿ ನೋಡಬೇಕಾಗಿದೆ. ಹೊಲದಲ್ಲಿ ಕಲ್ಲು ನೆಟ್ಟ ಮಾತ್ರಕ್ಕೆ ಅದು ನಿವೇಶನವಾಗದು. 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಸಾಗುವಳಿ ಭೂಮಿ ವಸತಿಗೆ ಪರಿವರ್ತನೆಯಾಗಿರಬೇಕು, ಬಡಾವಣೆಯ ನಕ್ಷೆಗೆ ಅನುಮೋದನೆ ದೊರೆತಿರಬೇಕು. ಇವೆರಡೂ ಇಲ್ಲದ "ರೆವಿನ್ಯೂ ಸೈಟು" ಅಗ್ಗವಾಗಿರುವುದಕ್ಕೆ ಕಾರಣ ಮಾರುವವನ ಔದಾರ್ಯವಲ್ಲ. ಅದರ ತೊಂದರೆಯೆಲ್ಲ ಕೊಳ್ಳುವವನ ಹೆಗಲಿಗೆ ಬರುತ್ತದೆ.

ಖಾತಾ ಇದೆಯೆಂದು ನಂಬಿ ಕೂರುವುದೂ ಸಲ್ಲ. ಖಾತಾ ಕಂದಾಯ ಕಟ್ಟುವ ಲೆಕ್ಕ, ಒಡೆತನದ ಪತ್ರವಲ್ಲ. 2024ರಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೂ ಈ ಮಾತು ಬದಲಾಗಿಲ್ಲ. ಜನ ಇ.ಸಿ. ಎನ್ನುವ ಋಣಭಾರ ಪತ್ರ ಅವಶ್ಯವೇ. ಆದರೆ ಅದರಲ್ಲಿ ಬರುವುದು ನೋಂದಾಯಿತ ವ್ಯವಹಾರ ಮಾತ್ರ, ಬಾಯಿಮಾತಿನ ಕರಾರು ಬರುವುದಿಲ್ಲ. ಜಿ.ಪಿ.ಎ. ಎಂಬ ಮುಖ್ತ್ಯಾರು ಪತ್ರದ ಮೇಲೆ ನಿವೇಶನ ಮಾರುವವರಿದ್ದಾರೆ. ಅಂಥ ಪತ್ರದಿಂದ ಒಡೆತನ ಬರದು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಸ್ಪಷ್ಟವಾಗಿ ತೀರ್ಪಿತ್ತಿದೆ. ಪಿತ್ರಾರ್ಜಿತ ಭೂಮಿಯಾದರೆ ಅಣ್ಣತಮ್ಮಂದಿರ ರುಜು ಸಾಲದು. 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳೂ ಸಮಭಾಗಿಗಳು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯೇ ಎಂಬುದನ್ನೂ ವಿಚಾರಿಸಬೇಕು. ಅಂಥ ಭೂಮಿ ಕಾಯಿದೆಗೆ ವಿರುದ್ಧವಾಗಿ ಕೈಬದಲಾಗಿದ್ದರೆ, 1978ರ ಕಾಯಿದೆಯಂತೆ ಅದು ಮೂಲ ಮಂಜೂರಾತಿದಾರನಿಗೋ ವಾರಸುದಾರರಿಗೋ ಮರಳಬೇಕು. ಆ ಕಾಯಿದೆ ನ್ಯಾಯವಾದುದು. ಇನ್ನೊಬ್ಬ ಬಡವನ ಬಾಯಿಂದ ಕಿತ್ತ ತುತ್ತಿನ ಮೇಲೆ ನಮ್ಮ ಮನೆ ನಿಲ್ಲಬಾರದು.

ಬಡಾವಣೆ 500 ಚದರ ಮೀಟರಿಗೆ ಮೀರಿದ್ದರೆ 2016ರ ರೇರಾ ಕಾಯಿದೆಯಂತೆ ಅದನ್ನು ನೋಂದಾಯಿಸದೆ ಮಾರಾಟಕ್ಕಿಡುವಂತಿಲ್ಲ. ನೋಂದಾಯಿತ ಕರಾರು ಆಗದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತೆಯೂ ಇಲ್ಲ. "ನಾಳೆಯೇ ಬೆಲೆ ಏರುತ್ತದೆ, ಇಂದೇ ಅರ್ಧ ಕೊಡಿ" ಎನ್ನುವವನಿಗೆ ಈ ಎರಡು ಪ್ರಶ್ನೆ ಹಾಕಿ ನೋಡಿ.

ಒಬ್ಬೊಬ್ಬರಾಗಿ ಹೋಗುವುದಕ್ಕಿಂತ ಹತ್ತು ಜನ ಕೂಡಿ ಹೋಗುವುದು ಲೇಸು. ಒಬ್ಬನೇ ವಕೀಲನಿಂದ ಎಲ್ಲರ ಪತ್ರ ನೋಡಿಸಿದರೆ ಖರ್ಚು ಹಂಚಿಹೋಗುತ್ತದೆ. ಗೃಹ ನಿರ್ಮಾಣ ಸಹಕಾರ ಸಂಘಗಳು ಇದಕ್ಕೆಂದೇ ಹುಟ್ಟಿದವು. ಆದರೆ ಸಂಘದ ಹೆಸರೇ ರಕ್ಷಣೆಯೆಂದು ತಿಳಿಯಬಾರದು. ಬೆಂಗಳೂರಿನ ಎಚ್.ಎಂ.ಟಿ. ನೌಕರರ ಗೃಹ ನಿರ್ಮಾಣ ಸಂಘಕ್ಕಾಗಿ ನಡೆದ ಭೂಸ್ವಾಧೀನದ ನಡುವೆ ಮಧ್ಯವರ್ತಿಗಳ ಕೈವಾಡ ಕಂಡುಬಂದು, ಅದರ ರದ್ದತಿಯನ್ನು ಸುಪ್ರೀಂ ಕೋರ್ಟು 1995ರಲ್ಲಿ ಎತ್ತಿಹಿಡಿಯಿತು. ಸದಸ್ಯರು ಲೆಕ್ಕ ಕೇಳದ ಸಂಘದಲ್ಲಿ ದಲ್ಲಾಳಿ ಯಜಮಾನನಾಗುತ್ತಾನೆ.

ಕೊನೆಗೆ, ಈ ಬೆಲೆ ಏರಿಸುವವರು ಯಾರು? ನಿವೇಶನದ ಒಡೆಯ ಅಲ್ಲಿ ಒಂದು ಗಿಡವನ್ನೂ ನೆಟ್ಟಿರುವುದಿಲ್ಲ. ರಸ್ತೆ, ನೀರು, ಶಾಲೆ ಬಂದದ್ದು ಊರವರ ತೆರಿಗೆಯಿಂದ. ಪಟ್ಟಣ ಬೆಳೆದದ್ದು ಗಿರಣಿಯ ದುಡಿಮೆಯಿಂದ, ಪೇಟೆಯ ವಹಿವಾಟಿನಿಂದ. ನೀವು ದುಡಿದು ಏರಿಸಿದ ಬೆಲೆಯನ್ನು ನೀವೇ ತೆತ್ತು ಕೊಳ್ಳುತ್ತಿದ್ದೀರಿ! ನಗರ ಭೂಮಿಗೆ ಮಿತಿ ಹಾಕಿದ 1976ರ ಕಾಯಿದೆಯನ್ನು ಕೇಂದ್ರ 1999ರಲ್ಲಿ ಕೈಬಿಟ್ಟಿತು. ಕೃಷಿಕರಲ್ಲದವರು ಹೊಲ ಕೊಳ್ಳಲು ಇದ್ದ ತಡೆಯನ್ನು ರಾಜ್ಯ 2020ರಲ್ಲಿ ತೆಗೆಯಿತು. ಅಂದಿನಿಂದ ಹಣವಂತನ ದಾರಿ ಇನ್ನಷ್ಟು ಸುಗಮವಾಗಿದೆ. ಹತ್ತು ನಿವೇಶನಕ್ಕೆ ಬೇಲಿ ಹಾಕಿ ಕುಳಿತವನಿಂದ ಹನ್ನೊಂದನೆಯವನಿಗೆ ಮನೆಯಿಲ್ಲ. ಖಾಲಿ ನಿವೇಶನಗಳ ಮೇಲೆ ಹೆಚ್ಚಿನ ತೆರಿಗೆ, ನಗರಾಭಿವೃದ್ಧಿ ಪ್ರಾಧಿಕಾರಗಳಿಂದಲೂ ಗೃಹ ಮಂಡಳಿಯಿಂದಲೂ ದುಡಿಯುವವರಿಗೆ ಎಟಕುವ ಬೆಲೆಯ ನಿವೇಶನ, ಇವೆರಡನ್ನೂ ಒಕ್ಕೊರಲಿನಿಂದ ಕೇಳಬೇಕಾಗಿದೆ.

ಅಲ್ಲಿಯತನಕ ಗಂಟನ್ನು ಭದ್ರವಾಗಿ ಹಿಡಿಯಿರಿ. ಪತ್ರ ಓದಿಸದೆ ಮುಂಗಡ ಕೊಡಬೇಡಿ, ಬಡ್ಡಿಗೆ ಹಣ ತಂದು ಖಾಲಿ ನೆಲ ಕೊಳ್ಳಬೇಡಿ. ಕೊಳ್ಳುವುದಾದರೆ ಮಕ್ಕಳು ಮಲಗುವ ಮನೆಗೆಂದು ಕೊಳ್ಳಿ.